ಬೇಕರಿ ಮನೆಯ ಹುಡುಗ: ಒಂದು ತೂಕದ ಪ್ರಕರಣ

ಸೊಂಟದ ಅಳತೆ ತಗೊಳ್ಳೋಣ, ಶರ್ಟು ಸ್ವಲ್ಪ ಮೇಲೆತ್ತಪ್ಪಾ ಅಂದೆ. ಹುಡುಗ ಎತ್ತಲಿಲ್ಲ. ಅಮ್ಮನ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ಆಮೇಲೆ ಗೋಡೆ ನೋಡಿದ. ಅವರಿಬ್ಬರನ್ನೂ ಹೊರಗೆ ಕೂರಿಸಿ ಬಂದ ಮೇಲೆ ಎತ್ತಿದ. ಒಳಗೆ ಒಂದರ ಮೇಲೊಂದು ಎರಡು ಬನಿಯನ್. ಎರಡೂ ಅವನ ಅಳತೆಗಿಂತ ಸಣ್ಣವು, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿದ್ದವು.

"ಯಾಕಪ್ಪಾ ಎರಡು?"

"ಎದೆ ಕಾಣ್ಬಾರ್ದು ಅಂತ ಮೇಡಂ."

ವಯಸ್ಸು 14. ಆ ಜೂನ್ ತಿಂಗಳಲ್ಲಿ ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಿದ್ದ. ಅಪ್ಪ ಅಮ್ಮ ಇಬ್ಬರೂ ಸೇರಿ ಬೆಂಗಳೂರಿನಲ್ಲಿ ಒಂದು ಬೇಕರಿ ನಡೆಸುತ್ತಾರೆ. ಮೂಲ ಹಾಸನದ ಕಡೆಯವರು. ಆ ಕಡೆಯಿಂದ ಬಂದು ಇಲ್ಲಿ ಬೇಕರಿ ಹಾಕಿದವರು ಬೀದಿಗೊಬ್ಬರು ಸಿಗುತ್ತಾರೆ ಬಿಡಿ. ಮನೆಯಲ್ಲಿ ಅಜ್ಜಿ ಮತ್ತು ಆರನೇ ಕ್ಲಾಸಿನ ತಂಗಿ ಇದ್ದಾರೆ.

ನಾನು ಆಹಾರ ತಜ್ಞೆ. ಒಬ್ಬ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ ಕೂರುತ್ತೇನೆ. ಇದನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ತೂಕ ಚೆನ್ನಾಗಿ ಇಳಿಸಿದ ಹುಡುಗ ಹುಡುಗಿಯರು ಬೇರೆ ಎಷ್ಟೋ ಜನ ಇದ್ದಾರೆ. ಆದರೂ ಈ ಪ್ರಕರಣವನ್ನೇ ಆರಿಸಿಕೊಂಡೆ, ಯಾಕೆಂದರೆ ಇದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಅದೂ ಮೊದಲ ದಿನವೇ.

ಬಂದಾಗ ಇದ್ದ ಲೆಕ್ಕ

ಎತ್ತರ 158 ಸೆಂಟಿಮೀಟರ್. ತೂಕ 72.4 ಕೆಜಿ. ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ, 29. ಸೊಂಟ 94 ಸೆಂಟಿಮೀಟರ್. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವುದು ಮನೆಯಲ್ಲೇ ನೋಡಿಕೊಳ್ಳಬಹುದಾದ ಸುಲಭದ ಲೆಕ್ಕ. ಇವನಿಗೆ 79ರ ಒಳಗಿರಬೇಕಿತ್ತು.

ಇಲ್ಲೊಂದು ಮಾತು. ದೊಡ್ಡವರ ಬಿಎಂಐ ಪಟ್ಟಿಯನ್ನು ಮಕ್ಕಳಿಗೆ ಹಾಕಬಾರದು. ಮೊಬೈಲಿನಲ್ಲಿ ಎತ್ತರ ತೂಕ ಒತ್ತಿ, ಬಂದ ನಂಬರ್ ನೋಡಿ ಗಾಬರಿ ಬೀಳುವವರು ಬಹಳ. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ಅಂತಲೇ ಬೆಳವಣಿಗೆಯ ಪಟ್ಟಿ ಕೊಟ್ಟಿದೆ, ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ವಯಸ್ಸು ಏರಿದ ಹಾಗೆ ಅದರಲ್ಲಿ ಗೆರೆಯೂ ಏರುತ್ತದೆ. ದೊಡ್ಡವರ 23ಕ್ಕೆ ಸಮನಾದ ಗೆರೆ ದಾಟಿದರೆ ತೂಕ ಜಾಸ್ತಿ, 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು. ಇವನ ಚುಕ್ಕೆ ಮೇಲಿನ ಗೆರೆಗಿಂತಲೂ ಸಾಕಷ್ಟು ಮೇಲೆ ಕೂತಿತ್ತು.

ಅಪ್ಪನಿಗೆ ಥೈರಾಯ್ಡ್ ಅನುಮಾನ. ಹತ್ತರಲ್ಲಿ ಎಂಟು ಜನ ಅಪ್ಪ ಅಮ್ಮಂದಿರು ಅದನ್ನೇ ಕೇಳುತ್ತಾರೆ. ಕೇಳಲಿ, ತಪ್ಪಲ್ಲ. ಆದರೆ ಥೈರಾಯ್ಡ್ ಕಡಿಮೆಯಾದ ಮಗುವಿನ ಎತ್ತರ ಕುಂಠಿತವಾಗುತ್ತದೆ. ಇವನು ಹಿಂದಿನ ವರ್ಷ 6 ಸೆಂಟಿಮೀಟರ್ ಬೆಳೆದಿದ್ದ, ಸ್ಕೂಲಿನ ಹೆಲ್ತ್ ಕಾರ್ಡಿನಲ್ಲಿ ಬರೆದಿತ್ತು. ಚೆನ್ನಾಗಿ ಉದ್ದ ಬೆಳೆಯುತ್ತಿರುವ ದಪ್ಪ ಮಗುವಿಗೆ ಹಾರ್ಮೋನಿನ ಕಾಯಿಲೆ ಇರುವುದು ಅಪರೂಪ. ಥೈರಾಯ್ಡಿನ ರಕ್ತ ಪರೀಕ್ಷೆ ಟಿಎಸ್‌ಎಚ್ ಮಾಡಿಸಿದೆವು. ಸರಿಯಾಗಿಯೇ ಇತ್ತು. ಅಪ್ಪನಿಗೆ ಸ್ವಲ್ಪ ಬೇಜಾರೇ ಆಯಿತು ಅನ್ನಿಸುತ್ತದೆ. ಥೈರಾಯ್ಡ್ ಆಗಿದ್ದರೆ ಒಂದು ಮಾತ್ರೆಯಲ್ಲಿ ಮುಗಿಯುತ್ತಿತ್ತಲ್ಲ.

ಅಮ್ಮನ ಚಿಂತೆ ಕತ್ತಿನದು. ಕತ್ತಿನ ಹಿಂಭಾಗ, ಕಂಕುಳು ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪವಾಗಿತ್ತು. ಕೊಳೆ ಅಂದುಕೊಂಡು ಅವರು ಭಾನುವಾರ ಭಾನುವಾರ ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ಉಜ್ಜಿದ್ದರು. ಒಂದು ಕಡೆ ಚರ್ಮ ಸುಲಿದಿತ್ತು. ಅದು ಕೊಳೆ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಮಟ್ಟ ಏರಿದಾಗ ಚರ್ಮ ಹೀಗೆ ಕಪ್ಪಾಗುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಒಳಗಿನದು ಸರಿಯಾದರೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಕೇಳಿ ಅಮ್ಮ ಮಗನ ಕತ್ತಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಉಳಿದ ವರದಿ ಹೀಗಿತ್ತು. ಖಾಲಿ ಹೊಟ್ಟೆಯ ಸಕ್ಕರೆ 96, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.6. ಎರಡೂ ಗಡಿಯ ಒಳಗೇ, ಆದರೆ ಗಡಿಗೆ ಒತ್ತಿಕೊಂಡು. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 168, ಈ ವಯಸ್ಸಿಗೆ 130 ದಾಟಿದರೆ ಜಾಸ್ತಿ. ಲಿವರಿಗೆ ತೊಂದರೆಯಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ 58, ಅದೂ ಜಾಸ್ತಿಯೇ. ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್, ಗ್ರೇಡ್ ಒಂದು. ಕುಡಿಯದ, ಮೀಸೆ ಚಿಗುರದ ಹುಡುಗನಿಗೆ ಲಿವರಿನಲ್ಲಿ ಕೊಬ್ಬು! ಅಪ್ಪ ಆ ಕಾಗದವನ್ನು ಎರಡು ಸಲ ಓದಿದರು.

ಎದೆಯ ವಿಷಯವನ್ನು ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಪ್ರಾಯಕ್ಕೆ ಬರುವ ಹೊತ್ತಲ್ಲಿ ಅರ್ಧದಷ್ಟು ಹುಡುಗರಿಗೆ ಎದೆ ಸ್ವಲ್ಪ ಉಬ್ಬುತ್ತದೆ, ಸಣ್ಣಗಿರುವವರಿಗೂ ಆಗುತ್ತದೆ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಇಳಿಯುತ್ತದೆ ಅಂತ ಹೇಳಿದರು. ದಪ್ಪಗಿರುವವರಲ್ಲಿ ಅದರ ಜೊತೆ ಕೊಬ್ಬೂ ಸೇರಿಕೊಂಡು ಎದ್ದು ಕಾಣುತ್ತದೆ, ಅಷ್ಟೇ. ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ನಾನು ಹುಡುಗೀನೇ ಆಗ್ಬಿಡಲ್ವಾ ಸಾರ್?" ವರ್ಷದಿಂದ ಈ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದನಂತೆ.

ರಜೆಯಲ್ಲಿ ಅವನೇ ಮಾಡಿಕೊಂಡ ಡಯಟ್

ಏಪ್ರಿಲ್ ರಜೆಯಲ್ಲಿ ರೀಲ್ಸ್ ನೋಡಿ ತಾನೇ ಶುರು ಮಾಡಿದ್ದ. ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆರಸ. ತಿಂಡಿ ಇಲ್ಲ. ಮಧ್ಯಾಹ್ನ ಸೌತೆಕಾಯಿ. ಅನ್ನ ಮುಟ್ಟುವಂತಿಲ್ಲ. ಮೂರು ವಾರಕ್ಕೆ 4 ಕೆಜಿ ಇಳಿಯಿತು. ಮನೆಯಲ್ಲಿ ಎಲ್ಲರೂ ಶಭಾಷ್ ಅಂದರು. ಒಂದು ದಿನ ಕ್ರಿಕೆಟ್ ಆಡುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಅದನ್ನು ಯಾರಿಗೂ ಹೇಳಲಿಲ್ಲ. ನಾಲ್ಕನೇ ವಾರ ಹಸಿವು ಗೆದ್ದಿತು. ಆರು ವಾರದಲ್ಲಿ ಐದೂವರೆ ಕೆಜಿ ವಾಪಸ್ ಬಂತು.

ಆ 4 ಕೆಜಿಯಲ್ಲಿ ಕೊಬ್ಬು ಎಷ್ಟಿತ್ತು? ಸ್ವಲ್ಪ. ಊಟ ಏಕಾಏಕಿ ನಿಂತಾಗ ಮೊದಲು ಖಾಲಿಯಾಗುವುದು ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಗ್ಲೈಕೋಜನ್. ಅದರ ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅದೂ ಹೋಗುತ್ತದೆ. ಜೊತೆಗೆ ಸ್ನಾಯುವೂ ಕರಗುತ್ತದೆ. ಮತ್ತೆ ಉಂಡ ದಿನ ನೀರು ವಾಪಸ್. ತಕ್ಕಡಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಇಳಿದಾಗ ಇಳಿದಿದೆ ಅನ್ನುತ್ತದೆ, ಏರಿದಾಗ ಏರಿದೆ ಅನ್ನುತ್ತದೆ. ಹುಡುಗ ಮಾತ್ರ "ನನ್ ಕೈಲಿ ಆಗಲ್ಲ" ಅಂತ ತೀರ್ಮಾನ ಮಾಡಿಕೊಂಡಿದ್ದ.

ಬೆಳೆಯುವ ವಯಸ್ಸಿನಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. 13ರಿಂದ 15ರ ಹುಡುಗನಿಗೆ ದಿನಕ್ಕೆ ಸುಮಾರು 2860 ಕ್ಯಾಲೊರಿ, 45 ಗ್ರಾಂ ಪ್ರೋಟೀನ್, 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ. ಅಪ್ಪನಿಗಿಂತ ಮಗ ಜಾಸ್ತಿ ಉಣ್ಣಬೇಕಾದ ವಯಸ್ಸು ಇದು. ಮೂಳೆ ಗಟ್ಟಿಯಾಗುವ ಕಾಲವೂ ಇದೇ. ಹುಡುಗಿಯಾಗಿದ್ದರೆ ಇನ್ನೊಂದು ಭಯ: ಹೀಗೆ ಹಸಿದುಕೊಂಡರೆ ಮುಟ್ಟು ನಿಲ್ಲುತ್ತದೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಇನ್ನೂ ಕಡಿಮೆಯಾಗುತ್ತದೆ, ಎರಡು ಮೂರು ತಿಂಗಳಾದ ಮೇಲೆ ಕೂದಲು ಕೈಗೆ ಬರುತ್ತದೆ.

ನಾಲ್ಕೂವರೆಯಿಂದ ಎಂಟೂವರೆ

ಮೂರು ದಿನ ತಿಂದಿದ್ದನ್ನೆಲ್ಲ ಬರೆದುಕೊಂಡು ಬಾ ಅಂದಿದ್ದೆ. ಅಮ್ಮನೂ ಬೇರೆಯಾಗಿ ಬರೆದು ತಂದರು. ಎರಡೂ ಕಾಗದ ಪಕ್ಕ ಪಕ್ಕ ಇಟ್ಟರೆ ಎರಡು ಬೇರೆ ಹುಡುಗರ ಹಾಗಿತ್ತು.

ಅಮ್ಮನ ಕಾಗದದಲ್ಲಿ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಡಬ್ಬಿ, ರಾತ್ರಿ ಅನ್ನ ಸಾರು. ಹುಡುಗನ ಕಾಗದದಲ್ಲಿ ಬೆಳಗ್ಗೆ ಪೌಡರ್ ಹಾಕಿದ ಹಾಲು ಮಾತ್ರ, ಅದಕ್ಕೆ ಮೇಲೆ ಎರಡು ಚಮಚ ಸಕ್ಕರೆ. ಇಡ್ಲಿ ತಟ್ಟೆಯಲ್ಲೇ ಉಳಿಯುತ್ತಿತ್ತು, ವ್ಯಾನ್ ಬರುತ್ತಿತ್ತು. ಡಬ್ಬಿಯ ಚಿತ್ರಾನ್ನ ಅರ್ಧ ಗೆಳೆಯರಿಗೆ. ಎಲ್ಲರೆದುರು ತಿನ್ನಲು ನಾಚಿಕೆ. "ತಿಂತಾವ್ನೆ ನೋಡೋ" ಅಂತಾರೆ ಅಂದ. ಆಮೇಲೆ ನಾಲ್ಕೂವರೆಗೆ ಸ್ಕೂಲಿಂದ ಸೀದಾ ಬೇಕರಿಗೆ. ಮನೆಯಲ್ಲಿ ಅಜ್ಜಿ ಒಬ್ಬರೇ ಇರುತ್ತಾರೆ, ಬೇಕರಿಯಲ್ಲಿ ಅಮ್ಮ ಇರುತ್ತಾರೆ. ಆರರಿಂದ ಏಳು ಪಕ್ಕದ ರಸ್ತೆಯಲ್ಲಿ ಟ್ಯೂಷನ್. ಮತ್ತೆ ಬೇಕರಿ. ಎಂಟೂವರೆಗೆ ಮನೆ.

ಬೆಳಗ್ಗೆಯಿಂದ ಹೊಟ್ಟೆ ಖಾಲಿ. ಎದುರಿಗೆ ಆಗ ತಾನೇ ಓವನ್ನಿಂದ ತೆಗೆದ ಖಾರಾ ಬನ್ನು. ಯಾರೇ ಆದರೂ ಏನು ಮಾಡುತ್ತಾರೆ ಹೇಳಿ? ಎರಡು ಬನ್ನು, ಒಂದು ಪಫ್ಸ್, ಹಂಚಿನ ಅಂಚಲ್ಲಿ ಮುರಿದ ಬೆಣ್ಣೆ ಬಿಸ್ಕತ್ತು, ಹನಿ ಕೇಕಿನ ಕತ್ತರಿಸಿ ಉಳಿದ ಚೂರು, ಟ್ಯೂಷನ್ ಮುಗಿಸಿ ಬಂದ ಮೇಲೆ ಫ್ರಿಜ್ಜಿಂದ ಒಂದು ಬಾಟಲಿ ಕೂಲ್‌ಡ್ರಿಂಕ್ಸ್. ಚೂರುಗಳನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅದು ತಿನ್ನೋದಲ್ಲ ಮೇಡಂ, ಸುಮ್ನೆ ಬಾಯಿಗ್ ಹಾಕ್ಕೊಳೋದು."

ಒಂದು ಪಫ್ಸ್ ಅಂದರೆ 250ರಿಂದ 300 ಕ್ಯಾಲೊರಿ. 250 ಮಿಲಿ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ. ಮೇಲಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಾತು. ಅದು ಒಂದೇ ಬಾಟಲಿಗೆ ಮುಗಿಯಿತು. ಸಂಜೆಯ ಲೆಕ್ಕ ಕೂಡಿಸಿದರೆ ಸಾವಿರ ಕ್ಯಾಲೊರಿ ಮುಟ್ಟುತ್ತಿತ್ತು, ಆದರೆ ಇಡೀ ದಿನದ ಪ್ರೋಟೀನ್ 35 ಗ್ರಾಂ ದಾಟುತ್ತಿರಲಿಲ್ಲ. ದಪ್ಪಗಿದ್ದ ಹುಡುಗನಿಗೆ ಊಟ ಸಾಲುತ್ತಿರಲಿಲ್ಲ. ಇದನ್ನು ಹೇಳಿದಾಗ ನಂಬಿದವರು ಅಜ್ಜಿ ಒಬ್ಬರೇ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಅಪ್ಪನದೇ ಅಂಗಡಿ ಇರುವ ಹುಡುಗನಿಗೆ ಯಾವ ನಿಯಮ ಏನು ಮಾಡೀತು! ಆ ಹಾಲಿನ ಪೌಡರ್ ಬಗ್ಗೆಯೂ ಒಂದು ಮಾತು. "ಹೆಲ್ತ್ ಡ್ರಿಂಕ್" ಅನ್ನುವುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಿರಿ ಅಂದಿತು. ಮನೆಗಳಲ್ಲಿ ಮಾತ್ರ ಆ ಹೆಸರು ಗಟ್ಟಿಯಾಗಿ ಕೂತಿದೆ.

ನಾನು ಕೊಟ್ಟ ಚಾರ್ಟು

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ದಿನ ಅಪ್ಪ ಹೊರಡುವಾಗ "ಒಂದು ಡಯಟ್ ಚಾರ್ಟ್ ಕೊಡಿ ಮೇಡಂ" ಅಂದರು. ಫೀಸು ಕೊಟ್ಟವರಿಗೆ ಕೈಯಲ್ಲಿ ಒಂದು ಕಾಗದ ಬೇಕು. ನನಗೂ ಅಭ್ಯಾಸಬಲ. ಕಂಪ್ಯೂಟರಿನಲ್ಲಿದ್ದದ್ದನ್ನೇ ಸ್ವಲ್ಪ ತಿದ್ದಿ ಪ್ರಿಂಟ್ ತೆಗೆದುಕೊಟ್ಟೆ. ಅನ್ನ 150 ಗ್ರಾಂ, ಪಲ್ಯ 100 ಗ್ರಾಂ, ಹೀಗೆ.

ಮೂರು ವಾರ ಬಿಟ್ಟು ಬಂದಾಗ ತೂಕ 72. ಅಪ್ಪನಿಗೆ ಖುಷಿ. ಹುಡುಗ ಒಂದು ನೋಟ್‌ಬುಕ್ ತಂದಿದ್ದ, ಚೊಕ್ಕ ಅಕ್ಷರ, ಕೆಂಪು ಮಸಿಯಲ್ಲಿ ಗೆರೆ. ಪುಟ ತಿರುಗಿಸುತ್ತಿದ್ದ ಹಾಗೆ ನನಗೆ ಅನುಮಾನ ಶುರುವಾಯಿತು. ಅನ್ನ 148. ಅನ್ನ 150. ಅನ್ನ 149. ಕಣ್ಣಳತೆಯಲ್ಲಿ ಹೀಗೆ ಬರೆಯಲಾಗುವುದಿಲ್ಲ. ಕೇಳಿದೆ. ಬೇಕರಿಯಲ್ಲಿ ಕೇಕ್ ತೂಗುವ ಮಷಿನ್ ಹಳೆಯದೊಂದು ಮನೆಯಲ್ಲಿತ್ತು. ಅದನ್ನು ರೂಮಿನಲ್ಲಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾನೆ. ಅಜ್ಜಿ ಬಡಿಸಿದ ತಟ್ಟೆಯನ್ನು ರೂಮಿಗೆ ಒಯ್ದು, ತೂಗಿ, ಜಾಸ್ತಿ ಇದ್ದದ್ದನ್ನು ಕವರಿಗೆ ಹಾಕಿ ಕಿಟಕಿಯಿಂದ ಆಚೆ.

ತಂಗಿಯ ಹುಟ್ಟುಹಬ್ಬದ ದಿನದ ಪುಟದಲ್ಲಿ ಕೇಕ್ ಎರಡು ಪೀಸ್ ಅಂತಿತ್ತು. ಮರುದಿನದ ಪುಟ ಖಾಲಿ. ಅಡ್ಡಗೆರೆ ಎಳೆದು ಒಂದೇ ಪದ ಬರೆದಿದ್ದ: ಶಿಕ್ಷೆ.

ನನಗೆ ಬೆವರು ಬಂತು. ಇದು ತೂಕದ ದಾರಿ ಬಿಟ್ಟು ಬೇರೆ ಕಡೆ ತಿರುಗುವ ಲಕ್ಷಣ. ಕದ್ದು ಊಟ ಬಿಸಾಡುವುದು, ತಿಂದದ್ದಕ್ಕೆ ತನ್ನನ್ನೇ ದಂಡಿಸಿಕೊಳ್ಳುವುದು, ದಿನಕ್ಕೆ ನಾಲ್ಕು ಸಲ ತಕ್ಕಡಿ ಹತ್ತುವುದು, ಉಂಡ ಕೂಡಲೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಎಲ್ಲರ ಜೊತೆ ಕೂತು ಉಣ್ಣಲು ಒಲ್ಲೆ ಅನ್ನುವುದು. ಹುಡುಗಿಯರಲ್ಲಿ ಮಾತ್ರ ಹೀಗಾಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಹುಡುಗರಲ್ಲೂ ಆಗುತ್ತದೆ, ಅವರನ್ನು ಯಾರೂ ಗಮನಿಸುವುದಿಲ್ಲ, ಅಷ್ಟೇ. ದಪ್ಪಗಿರುವ ಹುಡುಗ ಊಟ ಬಿಟ್ಟರಂತೂ ಮನೆಯವರೇ ಬೆನ್ನು ತಟ್ಟುತ್ತಾರೆ.

ಡಾಕ್ಟರಿಗೆ ಹೇಳಿದೆ. ಅವರು ಮನಃಶಾಸ್ತ್ರಜ್ಞರ ಹತ್ತಿರ ಕಳಿಸಿದರು. ಬೇಗ ಸಿಕ್ಕಿದ್ದರಿಂದ ಐದಾರು ಭೇಟಿಯಲ್ಲಿ ಹತೋಟಿಗೆ ಬಂತು. ಎಲ್ಲರಿಗೂ ಹತ್ತಿರದಲ್ಲಿ ಅಂಥವರು ಸಿಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಚಾರ್ಟನ್ನು ಅವನ ಕೈಯಿಂದ ವಾಪಸ್ ತಗೊಂಡೆ. "ಇದು ನಾನು ಕೊಟ್ಟಿದ್ದೇ ತಪ್ಪು ಕಣಪ್ಪಾ" ಅಂದೆ. ತಪ್ಪು ಅವನದಲ್ಲ ಅಂತ ಒಬ್ಬ ದೊಡ್ಡವರು ಹೇಳಿದ್ದು ಅವನಿಗೆ ವಿಚಿತ್ರವಾಗಿ ಕೇಳಿಸಿತು ಅನ್ನಿಸುತ್ತದೆ, ನನ್ನ ಮುಖವನ್ನೇ ನೋಡಿದ. ತಕ್ಕಡಿ ಬೇಕರಿಗೆ ಹೋಯಿತು. ಮನೆಯ ತೂಕದ ಮಷಿನ್ ಅಟ್ಟಕ್ಕೆ. ಇನ್ನು ತೂಕ ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲಿ ಮಾತ್ರ, ಅದೂ ಬೆನ್ನು ತಿರುಗಿಸಿ ನಿಂತು. ಅಂದಿನಿಂದ ಇಪ್ಪತ್ತರ ಒಳಗಿನವರಿಗೆ ಗ್ರಾಂ ಲೆಕ್ಕದ ಕಾಗದ ನಾನು ಕೊಟ್ಟಿಲ್ಲ.

ಮತ್ತೆ ಮೊದಲಿನಿಂದ

ಎರಡನೇ ಸಲ ಕೂತಾಗ ಹುಡುಗನ ಬಗ್ಗೆ ಮಾತು ನಿಲ್ಲಿಸಿ ಮನೆಯ ಸಂಜೆಯ ಬಗ್ಗೆ ಮಾತಾಡಿದೆವು. ಅಜ್ಜಿಯನ್ನೂ ಕರೆಸಿದ್ದೆ.

ಮೊದಲು ಒಂದು ಲೆಕ್ಕ ತೋರಿಸಿದೆ. ಇವನು ಒಂದು ಗ್ರಾಮೂ ಇಳಿಸದೆ 72.4 ಕೆಜಿಯಲ್ಲೇ ನಿಂತು, ಎತ್ತರ 165 ಆದರೆ ಬಿಎಂಐ 29ರಿಂದ 26.6ಕ್ಕೆ ಬರುತ್ತದೆ. ಇನ್ನೂ ಬೆಳೆಯುತ್ತಾನೆ ಅಂತ ಡಾಕ್ಟರು ನೋಡಿ ಹೇಳಿದ್ದರು. ಅಂದರೆ ಅರ್ಧ ಕೆಲಸ ಅವನ ಮೂಳೆಗಳೇ ಮಾಡುತ್ತವೆ, ಅವಕ್ಕೆ ಹೊಟ್ಟೆಗೆ ಹಾಕಬೇಕು ಅಷ್ಟೇ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 250 ಕಡಿಮೆಯಾದರೆ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಕೆಜಿ. ದಿನಕ್ಕೆ ಒಂದು ಪಫ್ಸ್. ಅದಕ್ಕಿಂತ ಆತುರ ಬೇಡ ಅಂದೆ. ಬೊಜ್ಜು ಇನ್ನೂ ವಿಪರೀತ ಇರುವ ಮಕ್ಕಳ ಲೆಕ್ಕ ಬೇರೆ, ಅವರಿಗೆ ಔಷಧ ಬೇಕೋ ಇನ್ನೇನು ಬೇಕೋ ಡಾಕ್ಟರು ತೀರ್ಮಾನ ಮಾಡುತ್ತಾರೆ.

ಆಮೇಲೆ ಬೇಕರಿಯ ಮಾತು ಬಂತು. ಸ್ಕೂಲಿಂದ ಸೀದಾ ಮನೆಗೆ ಬರಲಿ, ಬೇಕರಿಗೆ ಬೇಡ ಅಂದೆ. ಅಪ್ಪನ ಮುಖ ಕೆಂಪಾಯಿತು.

"ಹಂಗಾದ್ರೆ ನಮ್ಮಂಗಡಿ ತಿಂಡಿ ವಿಷ ಅಂತೀರಾ ಮೇಡಂ?"

"ಅಲ್ಲ ಸಾರ್. ನಿಮ್ಮ ಗಿರಾಕಿ ಯಾರಾದ್ರೂ ದಿನಾ ನಾಲ್ಕು ಗಂಟೆ ಕೂತ್ಕೊಂಡು ತಿಂತಾರಾ?"

ಒಂದು ನಿಮಿಷ ಯೋಚಿಸಿ ನಕ್ಕರು. "ಹಂಗ್ ತಿಂದಿದ್ರೆ ನಾನಿಷ್ಟೊತ್ತಿಗೆ ಎರಡು ಸೈಟ್ ತಗೊಂಡಿರ್ತಿದ್ದೆ ಬಿಡಿ."

ನಿಷೇಧ ಹಾಕಲಿಲ್ಲ. ಬುಧವಾರ, ಶನಿವಾರ ಬೇಕರಿಯಿಂದ ಒಂದು ಐಟಂ, ಅವನೇ ಆರಿಸಿಕೊಂಡದ್ದು, ತಟ್ಟೆಗೆ ಹಾಕಿಕೊಂಡು ಕೂತು ತಿನ್ನುವುದು. ಬಾಟಲಿ ಕೂಲ್‌ಡ್ರಿಂಕ್ಸ್ ಮಾತ್ರ ಮನೆಯ ಯಾರಿಗೂ ಇಲ್ಲ, ಅಪ್ಪನಿಗೂ ಇಲ್ಲ. ಅದಕ್ಕೆ ಅಪ್ಪ ಹೆಚ್ಚು ಕಷ್ಟಪಟ್ಟರು.

ನಾಲ್ಕೂವರೆಗೆ ಮನೆಯಲ್ಲಿ ತಿಂಡಿ ಅಲ್ಲ, ಊಟ. ಇದು ಅಜ್ಜಿಯ ಖಾತೆ. "ಬೆಳ್ಯೋ ಹುಡ್ಗುಂಗೆ ಹೊಟ್ಟೆಗಿಲ್ದಂಗೆ ಮಾಡ್ಬ್ಯಾಡಿ ಅಂತ ನಾನು ಆವತ್ತೇ ಬಡ್ಕೊಂಡೆ ಕಣವ್ವ" ಅಂದರು. ಸರಿಯಾಗಿಯೇ ಬಡಿದುಕೊಂಡಿದ್ದರು. ಒಂದು ಮುದ್ದೆ, ಹುರುಳಿಕಾಳಿನ ಸಾರು ಇಲ್ಲ ಸೊಪ್ಪಿನ ಸಾರು, ಒಂದು ಬೇಯಿಸಿದ ಮೊಟ್ಟೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಮೊಟ್ಟೆಯಲ್ಲಿ ಆರೇಳು ಗ್ರಾಂ ಪ್ರೋಟೀನ್. ಮೊದಲ ವಾರ "ಮುದ್ದೆನಾ?" ಅಂತ ಮೂಗು ಮುರಿದ. ಆಮೇಲೆ ಅಜ್ಜಿ ಹುರುಳಿ ಬಸ್ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ ಗೆದ್ದರು. ಈ ಊಟ ಬಿದ್ದ ಮೇಲೆ ರಾತ್ರಿ ಒಂಬತ್ತರ ಅನ್ನ ತಾನಾಗಿ ಅರ್ಧಕ್ಕೆ ಇಳಿಯಿತು. ಯಾರೂ ಇಳಿಸು ಅನ್ನಲಿಲ್ಲ.

ಬೆಳಗಿನ ತಿಂಡಿ ಹೊಂದಿಸುವುದು ಕಷ್ಟವಾಯಿತು. ಅಪ್ಪ ಅಮ್ಮ ಆರಕ್ಕೇ ಅಂಗಡಿ ತೆಗೆಯುತ್ತಾರೆ. ಹುಡುಗ ಮಲಗುವುದು ಹನ್ನೆರಡಕ್ಕೆ, ಏಳುವುದು ಆರೂವರೆಗೆ, ತಿನ್ನಲು ಹೊತ್ತೂ ಇಲ್ಲ, ಹಸಿವೂ ಇಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಮರುದಿನ ಸಿಹಿ, ಕರಿದದ್ದೇ ಬೇಕನ್ನಿಸುತ್ತದೆ. ಹತ್ತಕ್ಕೆ ಫೋನು ನಡುಮನೆಯಲ್ಲಿ ಚಾರ್ಜಿಗೆ ಅಂತ ನಿಯಮ ಮಾಡಿದೆವು. ಮೂರು ವಾರ ಸೋತೆವು. ಸ್ಕೂಲ್ ಗ್ರೂಪಲ್ಲಿ ಹೋಂವರ್ಕ್ ಬರುತ್ತೆ ಅಂದ. ಕಡೆಗೆ ಅಮ್ಮನ ಫೋನೂ ಅದೇ ಹೊತ್ತಿಗೆ ಅಲ್ಲೇ ಇಡುವುದು ಅಂತಾದ ಮೇಲೆ ಕೂತಿತು. ಪೂರ್ತಿ ಅಲ್ಲ, ವಾರಕ್ಕೆ ನಾಲ್ಕೈದು ದಿನ.

ಇನ್ನೊಂದು ಸಂಗತಿ ನನಗೆ ಊಟಕ್ಕಿಂತ ದೊಡ್ಡದು. ಬೇಕರಿಗೆ ಬರುವ ಗಿರಾಕಿಗಳು, ಕೆಲಸದ ಹುಡುಗರು, ಸೋದರಮಾವ, ಎಲ್ಲರೂ ಅವನನ್ನು ಕರೆಯುತ್ತಿದ್ದುದು "ಮರಿ ಆನೆ" ಅಂತ. ಪ್ರೀತಿಯಿಂದಲೇ. ಅಪ್ಪನೂ ನಗುತ್ತಿದ್ದರು. ಈ ಮನೆಯಲ್ಲಿ ಇನ್ನು ಯಾರ ಮೈ ಬಗ್ಗೆಯೂ ಮಾತಿಲ್ಲ ಅಂತ ಮಾಡಿಕೊಳ್ಳಿ ಅಂದೆ. ತಂಗಿ ಸಣ್ಣಗಿದ್ದಾಳೆ ಅನ್ನುವುದೂ ಇಲ್ಲ. ಅಪ್ಪ ಒಂದು ದಿನ ಹಳೇ ಗಿರಾಕಿಯೊಬ್ಬರಿಗೆ ಕೌಂಟರಿನಲ್ಲೇ "ಅವನಿಗೊಂದು ಹೆಸರಿದೆ ಸಾರ್" ಅಂದರಂತೆ. ಹುಡುಗ ಅದನ್ನು ನನಗೆ ಮೂರು ಸಲ ಹೇಳಿದ.

ಗುಂಡು

ಪಿಟಿ ಪೀರಿಯಡ್ಡಿಗೆ ತಲೆನೋವು ಅಂತ ಕ್ಲಾಸಿನಲ್ಲೇ ಕೂರುವುದು ಅವನ ರೂಢಿ. ಓಡಿದರೆ ಎದೆ ಅಲ್ಲಾಡುತ್ತದೆ, ಎಲ್ಲರೂ ನೋಡುತ್ತಾರೆ. ದಿನಕ್ಕೊಂದು ಗಂಟೆ ಮೈ ದಣಿಯಬೇಕು, ವಾರಕ್ಕೆ ಮೂರು ದಿನ ಸ್ನಾಯು, ಮೂಳೆಗೆ ಬಲ ಬೇಕು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಇಂಥ ಹುಡುಗನಿಗೆ ಓದಿ ಹೇಳಿ ಏನು ಪ್ರಯೋಜನ? ಅಮ್ಮ ವಾಕಿಂಗ್ ಕರೆದುಕೊಂಡು ಹೋದರು. ಎರಡು ದಿನ ಹೋದ.

ದಾರಿ ಸಿಕ್ಕಿದ್ದು ಪಿಟಿ ಮೇಷ್ಟ್ರಿಂದ. ಅಮ್ಮ ಹೋಗಿ ವಿಷಯ ಹೇಳಿದ್ದರು. ಅವರು ಏನೂ ಗೊತ್ತಿಲ್ಲದವರ ಹಾಗೆ ಇವನನ್ನು ಕರೆದು ಕೈಗೆ ಕಬ್ಬಿಣದ ಗುಂಡು ಕೊಟ್ಟರಂತೆ. "ಎಸಿ ನೋಡಣ." ಕ್ಲಾಸಿನಲ್ಲಿ ಯಾರೂ ಎಸೆಯದಷ್ಟು ದೂರ ಬಿತ್ತು. ಗುಂಡು ಎಸೆತದಲ್ಲಿ ದೊಡ್ಡ ಮೈ ಬೇಕಾದದ್ದೇ. ಶರ್ಟು ಬಿಚ್ಚಬೇಕಿಲ್ಲ, ಗುಂಪಲ್ಲಿ ಓಡಬೇಕಿಲ್ಲ. ಅಭ್ಯಾಸ ಅಂದರೆ ಸುಮ್ಮನೆ ಎಸೆಯುವುದಲ್ಲವಲ್ಲ, ಬಸ್ಕಿ, ದಂಡ, ಇಪ್ಪತ್ತು ಇಪ್ಪತ್ತು ಮೀಟರಿನ ಓಟ, ಎಲ್ಲವೂ ಅದರ ಬೆನ್ನಿಗೆ ಬಂದವು. ವಾರಕ್ಕೆ ನಾಲ್ಕು ದಿನ, ಸ್ಕೂಲ್ ಬಿಟ್ಟ ಮೇಲೆ ಮುಕ್ಕಾಲು ಗಂಟೆ. ನಾಲ್ಕೂವರೆಯ ಊಟ ಐದೂಕಾಲಿಗೆ ಹೋಯಿತು. ಇನ್ನೂ ಒಳ್ಳೆಯದಾಯಿತು. ಟ್ಯೂಷನ್ನಿಗೆ ಸೈಕಲ್.

ಭಾರ ಎತ್ತಿದರೆ ಕುಳ್ಳಗಾಗುತ್ತಾನಾ ಅಂತ ಅಜ್ಜಿ ಕೇಳಿದರು. ಇಲ್ಲ. ಗೊತ್ತಿರುವವರು ಪಕ್ಕದಲ್ಲಿದ್ದು, ಹಿಡಿತ ಸರಿಯಾಗಿ ಕಲಿಸಿದರೆ ಈ ವಯಸ್ಸಿಗೆ ಅದರಿಂದ ತೊಂದರೆ ಇಲ್ಲ.

ನಡುವೆ ಏರಿದ್ದು, ಕೊನೆಗೆ ಬಂದದ್ದು

ಗೌರಿ ಗಣೇಶ ಮುಗಿಸಿಕೊಂಡು ಬಂದಾಗ ತೂಕ 73.2. ಅಮ್ಮ ಕ್ಲಿನಿಕ್ಕಿನಲ್ಲೇ ಅತ್ತರು. ಕಡುಬು ತಿನ್ನಿಸಿದ್ದು ತಾನೇ ಅಂತ. ಎತ್ತರ ನೋಡಿದೆವು, 2 ಸೆಂಟಿಮೀಟರ್ ಏರಿತ್ತು. ಸೊಂಟ ಟೇಪಿನಲ್ಲಿ 92. ಬಿಎಂಐ 28.6. ತಕ್ಕಡಿ ಒಂದನ್ನೇ ನಂಬಿದ್ದರೆ ಆವತ್ತೇ ಎಲ್ಲ ಕೈಬಿಡುತ್ತಿದ್ದರು.

ಡಿಸೆಂಬರಿಗೆ 71.6. ಮುಂದಿನ ಮೇ ತಿಂಗಳಲ್ಲಿ, ಅಂದರೆ ಹನ್ನೊಂದು ತಿಂಗಳಿಗೆ, ಎತ್ತರ 164.6, ತೂಕ 69.8, ಬಿಎಂಐ 25.8, ಸೊಂಟ 86. ತಕ್ಕಡಿಯ ಲೆಕ್ಕಕ್ಕೆ ವರ್ಷದಲ್ಲಿ ಇಳಿದದ್ದು ಎರಡೂವರೆ ಕೆಜಿ ಮಾತ್ರ. ರೀಲ್ಸ್ ಮಾಡಿದರೆ ಯಾರೂ ನೋಡುವುದಿಲ್ಲ. ಟ್ರೈಗ್ಲಿಸರೈಡ್ 118, ಎಸ್‌ಜಿಪಿಟಿ 31. ಎಸ್‌ಜಿಪಿಟಿ ಇನ್ನೂ ಸ್ವಲ್ಪ ಇಳಿಯಬೇಕು ಅಂದರು ಡಾಕ್ಟರು. ಕತ್ತಿನ ಕಪ್ಪು ಅರ್ಧ ತಿಳಿಯಾಗಿದೆ. ಪಟ್ಟಿಯಲ್ಲಿ ಅವನ ಚುಕ್ಕೆ ಮೇಲಿನ ಗೆರೆಯ ಹತ್ತಿರ ಬಂದಿದೆ, ಸಾಮಾನ್ಯ ತೂಕಕ್ಕೆ ಇನ್ನೂ ದೂರ ಇದೆ. ಬನಿಯನ್ ಒಂದೇ. ಸೈಜು ಸರಿಯಾದದ್ದು.

ಆ ಮೇ ತಿಂಗಳ ಭೇಟಿಯಲ್ಲಿ ಜಗಳ ಆದದ್ದು ತೂಕಕ್ಕಲ್ಲ. ಹತ್ತನೇ ಕ್ಲಾಸು ಶುರುವಾಗುತ್ತಿತ್ತು. ಬೆಳಗ್ಗೆ ಐದೂವರೆಗೆ ಒಂದು ಟ್ಯೂಷನ್, ಸಂಜೆ ಇನ್ನೊಂದು. "ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಗುಂಡು ಬಿಡ್ಲಿ ಮೇಡಂ, ನೀವೇ ಹೇಳಿ" ಅಂದರು ಅಪ್ಪ. ನಾನು ಹೇಳಲಿಲ್ಲ. ಬೆಳಗಿನ ಟ್ಯೂಷನ್ ಬಿಡಿಸಿ, ನಿದ್ದೆ ಉಳಿಯುತ್ತೆ ಅಂದೆ. ಅಪ್ಪ ಒಪ್ಪಲಿಲ್ಲ. ಅಮ್ಮ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅರ್ಧ ಗಂಟೆ ಎಳೆದಾಡಿದೆವು. ಕಡೆಗೆ ಹುಡುಗನೇ ಬಾಯಿಬಿಟ್ಟ, ವಾರಕ್ಕೆ ಮೂರು ದಿನ ಗುಂಡು, ಬೆಳಗಿನ ಟ್ಯೂಷನ್ ಸೆಪ್ಟೆಂಬರಿನಿಂದ. ಅಪ್ಪ "ಮಾರ್ಕ್ಸ್ ಕಮ್ಮಿ ಬಂದ್ರೆ?" ಅಂದರು.

"ಬಂದಾಗ ನೋಡಣ" ಅಂತ ಅವನು ಬ್ಯಾಗು ಬೆನ್ನಿಗೆ ಹಾಕಿಕೊಂಡು ಎದ್ದ. ಮುಂದಿನ ತಪಾಸಣೆ ಆಗಸ್ಟಿಗೆ ಬರೆದಿದ್ದೇನೆ.